ಅಪ್ಪನ ವಾಚು


*ಇಂದಿನ ಚಿಂತನೆ*



ಕೋಡಿಂಬಾಳದ ನಮ್ಮ ಮನೆಯ ಕಪಾಟಿನಲ್ಲಿ ಅಪ್ಪನ ಎಚ್‌ಎಂಟಿ ಜನತಾ ವಾಚು ನಿಂತುಹೋಗಿ ಕೂತಿತ್ತು. ಜಪಾನಿನ ಸಿಟಿಜನ್ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು 2016ರಲ್ಲಿ ಬಾಗಿಲು ಮುಚ್ಚಿತು. "ಒಮ್ಮೆ ರಿಪೇರಿ ಮಾಡಿಸಿ ಕೊಡು ಮಗಾ" ಎಂದು ಅಪ್ಪ ಎರಡು ಸಲ ಹೇಳಿದ್ದರು. "ನೋಡುವ, ಮಳೆ ಬಿಡಲಿ" ಎಂದಿದ್ದೆ. ಮಳೆ ಬಿಡುವಾಗ ಅಪ್ಪ ಇರಲಿಲ್ಲ.

ಕಳೆದ ತಿಂಗಳು ವಾಚನ್ನು ಕಡಬಕ್ಕೆ ಕೊಂಡುಹೋದೆ. ರಿಪೇರಿಯವರು ಕೇಳಿದರು: "ಡಯಲಿಗೆ ಪೇಂಟ್ ಮಾಡಿಸುವುದಾ? ಹೊಸದರ ಹಾಗೆ ಕಾಣ್ತದೆ." ಬೇಡ ಎಂದೆ. ಒಳಗೆ ತೊಳೆದು ಎಣ್ಣೆ ಹಾಕಿದರು, ತುಂಡಾದ ಸ್ಪ್ರಿಂಗ್ ಮಾತ್ರ ಬದಲಾಯಿಸಿದರು. ಡಯಲಿನ ಮೇಲಿನ ನೀರಿನ ಕಲೆ ಹಾಗೆಯೇ ಉಳಿಯಿತು.

ಸ್ಪ್ರಿಂಗ್ ಬದಲಾದ ಮೇಲೆ ಇದು ಅಪ್ಪನ ವಾಚೇ ಹೌದಾ? ರಥವೆಂದರೆ ಗಾಲಿಯೋ, ಅಚ್ಚೋ ಎಂದು ನಾಗಸೇನ ಭಂತೇಜಿ ಮಿಲಿಂದ ರಾಜನನ್ನು ಕೇಳಿದ್ದು ನೆನಪಾಯಿತು. ಯಾವ ಬಿಡಿಭಾಗದಲ್ಲೂ ಅಪ್ಪ ಇಲ್ಲ. ಕಲೆ ಉಳಿಸಿದ್ದರಿಂದ ಅವರು ಮರಳುವುದಿಲ್ಲ. ಹಳೆಯದನ್ನು ಗೌರವದಿಂದ ನೋಡಿಕೊಳ್ಳಬಹುದು, ಹಿಡಿದಿಡಲು ಆಗದು.

ಈ ವಾಚಿಗೆ ಸೆಲ್ ಇಲ್ಲ, ದಿನವೂ ಕೀ ಕೊಡಬೇಕು. ಬುದ್ಧರು ಕೊನೆಯದಾಗಿ ನೆನಪಿಸಿದ ಅಪ್ಪಮಾದ, ಅಂದರೆ ಎಚ್ಚರ, ಅದೂ ಹಾಗೆಯೇ. ನಿನ್ನೆ ಕೊಟ್ಟ ಕೀ ಇಂದಿಗೆ ಸಾಲದು. ಬೆಳಿಗ್ಗೆ ಕೀ ಕೊಡುವಾಗ ಕೇಳಿಕೊಳ್ಳುತ್ತೇನೆ: ಇವತ್ತು ಯಾರಿಗೆ "ಮಳೆ ಬಿಡಲಿ" ಎನ್ನುತ್ತಿದ್ದೇನೆ?

*ಇಂದಿನ ಅಭ್ಯಾಸ:* ಮುಂದೆ ಹಾಕಿದ ಒಂದು ಚಿಕ್ಕ ಕೆಲಸವನ್ನು, ಕೇಳಿದವರು ಇರುವಾಗಲೇ, ಮಾಡಿ ಮುಗಿಸೋಣ.

*ಭವತು ಸಬ್ಬ ಮಂಗಲಂ* 🙏