ಸಂಕಟದಿಂದ ಬರುವ ಫಲ

(ಧ್ಯಾನಕ್ಕೆ: ರೋಮಾಪುರದವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯ, 3ರಿಂದ 5ನೆಯ ವಚನಗಳು)



ನಮ್ಮ ಸಭೆಗಳಲ್ಲಿ ಅನೇಕರ ಮನಸ್ಸಿನಲ್ಲಿದ್ದು, ಕೆಲವರ ಬಾಯಿಂದ ಮಾತ್ರ ಹೊರಡುವ ಒಂದು ಪ್ರಶ್ನೆ ಉಂಟು. “ನಾನು ಹಳೆಯ ಮಾರ್ಗವನ್ನು ಬಿಟ್ಟು ಸ್ನಾನದೀಕ್ಷೆ ಹೊಂದಿದೆನು. ಆದಿತ್ಯವಾರದ ಆರಾಧನೆಯನ್ನು ತಪ್ಪಿಸುವದಿಲ್ಲ. ಹೀಗಿದ್ದರೂ ನನ್ನ ಎತ್ತು ಸತ್ತಿತು. ಮಗು ಕಾಯಿಲೆ ಬಿದ್ದಿತು. ನೆಂಟರು ಮದುವೆಗೆ ಕರೆಯಲಿಲ್ಲ. ದೇವರು ನನ್ನ ಮೇಲೆ ಕೋಪಗೊಂಡಿದ್ದಾನೋ?” ನೆರೆಯವರು ಇದನ್ನು ಕಂಡು, ಕುಲದೇವರನ್ನು ಬಿಟ್ಟದ್ದಕ್ಕೆ ಇದೇ ಶಿಕ್ಷೆಯೆಂದು ಹೇಳುತ್ತಾರೆ. ಆ ಮಾತು ಕಿವಿಗೆ ಬಿದ್ದಾಗ ಹೊಸ ವಿಶ್ವಾಸಿಯ ಎದೆ ನಡುಗುವದು. ಆದಕಾರಣ ಈ ಪ್ರಶ್ನೆಯನ್ನು ಮುಚ್ಚಿಡದೆ ದೇವರ ವಾಕ್ಯದ ಬೆಳಕಿನಲ್ಲಿ ವಿಚಾರಿಸೋಣ.

ಅಪೊಸ್ತಲನಾದ ಪೌಲನು ಈ ವಚನಗಳಲ್ಲಿ ನಮ್ಮ ಮುಂದೆ ನಾಲ್ಕು ಮೆಟ್ಟಲುಗಳನ್ನು ಇಡುತ್ತಾನೆ. ಕೆಳಗಿನ ಮೆಟ್ಟಲು ಸಂಕಟ. ಅದರ ಮೇಲೆ ತಾಳ್ಮೆ. ಅದರ ಮೇಲೆ ಪರೀಕ್ಷೆಯಲ್ಲಿ ನಿಂತ ಗುಣ. ಎಲ್ಲಕ್ಕಿಂತ ಮೇಲೆ ನಿರೀಕ್ಷೆ. ನಿರೀಕ್ಷೆಗೆ ಏರಬೇಕೆಂದು ನಾವೆಲ್ಲರೂ ಬಯಸುತ್ತೇವೆ, ಆದರೆ ಮೊದಲನೆಯ ಮೆಟ್ಟಲಿನ ಮೇಲೆ ಕಾಲಿಡಲು ಹೆದರುತ್ತೇವೆ. ಪೌಲನು ಇದನ್ನು ನೆರಳಿನಲ್ಲಿ ಕೂತು ಬರೆದವನಲ್ಲ. ಅವನು ಐದು ಸಾರಿ ಮೂವತ್ತೊಂಬತ್ತು ಏಟುಗಳನ್ನು ತಿಂದವನು. ಮೂರು ಸಾರಿ ಹಡಗು ಒಡೆದು ಸಮುದ್ರದ ಪಾಲಾದವನು. ಫಿಲಿಪ್ಪಿ ಪಟ್ಟಣದಲ್ಲಿ ಕಾಲುಗಳಿಗೆ ಕೋಳ ಬಿದ್ದಿದ್ದಾಗ ಮಧ್ಯರಾತ್ರಿಯಲ್ಲಿ ದೇವರನ್ನು ಕೊಂಡಾಡಿದವನು. ತನ್ನ ಶರೀರದಲ್ಲಿದ್ದ ಮುಳ್ಳನ್ನು ತೆಗೆದುಹಾಕಬೇಕೆಂದು ಅವನು ಮೂರು ಸಾರಿ ಬೇಡಿದನು. ಮುಳ್ಳು ಹೋಗಲಿಲ್ಲ, ಅದನ್ನು ಹೊರುವದಕ್ಕೆ ಸಾಕಾಗುವಷ್ಟು ಕೃಪೆ ಬಂತು. ಹಾಗಾದರೆ ಸಂಕಟವು ದೇವರ ಕೋಪದ ಗುರುತೆಂದು ಹೇಗೆ ಹೇಳೋಣ? ಪಾಪವನ್ನೇ ಅರಿಯದ ನಮ್ಮ ಕರ್ತನಿಗೂ ಶಿಲುಬೆ ತಪ್ಪಲಿಲ್ಲವಲ್ಲಾ.

ಒಕ್ಕಲಿಗರಾದ ನೀವು ಒಂದು ಸಂಗತಿಯನ್ನು ಬಲ್ಲಿರಿ. ನೇಗಿಲು ಹೊಲದ ಎದೆಯನ್ನು ಸೀಳುತ್ತದೆ. ಹೊಲಕ್ಕೆ ಬಾಯಿ ಇದ್ದರೆ ಅದು ಕೂಗಿಕೊಂಡೀತು. ಆದರೆ ಉಳುವವನು ಹೊಲವನ್ನು ದ್ವೇಷಿಸುವದಿಲ್ಲ. ಅಲ್ಲಿ ಬೆಳೆಯನ್ನು ಕಾಣಬೇಕೆಂದಿರುವದರಿಂದಲೇ ಉಳುತ್ತಾನೆ. ಬೀಳು ಬಿಟ್ಟ ಭೂಮಿಗೆ ನೇಗಿಲಿನ ನೋವಿಲ್ಲ, ತೆನೆಯೂ ಇಲ್ಲ. ಆದರೂ ನೋವು ತಾನಾಗಿಯೇ ಯಾರನ್ನೂ ಒಳ್ಳೆಯವನನ್ನಾಗಿ ಮಾಡುವದಿಲ್ಲವೆಂಬದನ್ನು ಮರೆಯಬಾರದು. ಒಂದೇ ಮಳೆ ಉತ್ತ ಹೊಲದಲ್ಲಿ ಇಂಗುತ್ತದೆ, ಬಂಡೆಯ ಮೇಲೆ ಹರಿದುಹೋಗುತ್ತದೆ. ಒಂದೇ ಬರಗಾಲದಲ್ಲಿ ಒಬ್ಬನು ಪ್ರಾರ್ಥನೆಯನ್ನು ಕಲಿಯುತ್ತಾನೆ, ಇನ್ನೊಬ್ಬನು ಶಪಿಸುವದನ್ನು ಕಲಿಯುತ್ತಾನೆ. ನಮ್ಮ ಹೃದಯವು ದೇವರ ಕಡೆಗೆ ತೆರೆದಿದೆಯೋ ಮುಚ್ಚಿದೆಯೋ ಎಂಬದೇ ಇಲ್ಲಿ ಮುಖ್ಯವಾದದ್ದು.

ಇದಕ್ಕೆ ಒಂದು ನಿಜವಾದ ದೃಷ್ಟಾಂತವನ್ನು ಕೇಳಿರಿ. ಇಂಗ್ಲೆಂಡ್ ದೇಶದಲ್ಲಿ ಬೆಡ್‌ಫರ್ಡ್ ಪಟ್ಟಣದ ಹತ್ತಿರ ಎಲ್‌ಸ್ಟೋ ಎಂಬ ಹಳ್ಳಿಯಲ್ಲಿ 1628ರಲ್ಲಿ ಜಾನ್ ಬನ್ಯನ್ ಎಂಬವನು ಹುಟ್ಟಿದನು. ಊರೂರು ತಿರುಗಿ ತೂತುಬಿದ್ದ ಪಾತ್ರೆಗಳನ್ನು ಬೆಸೆದು ಸರಿಮಾಡುವದು ಅವನ ತಂದೆಯ ಕಸುಬು; ಅದೇ ಅವನ ಕಸುಬೂ ಆಯಿತು. ಹೆಚ್ಚು ಓದು ಇರಲಿಲ್ಲ. ದೇವರು ಅವನನ್ನು ತನ್ನ ಕಡೆಗೆ ತಿರುಗಿಸಿದ ಮೇಲೆ ಅವನು ಹಳ್ಳಿಯ ಜನರಿಗೆ ಸುವಾರ್ತೆಯನ್ನು ಸಾರತೊಡಗಿದನು. ಆಗ ಸರ್ಕಾರದ ಸಭೆಯ ಹೊರಗೆ ಇಂಥಾ ಕೂಟಗಳನ್ನು ನಡಿಸುವದು ಕಾನೂನಿಗೆ ವಿರೋಧವೆಂದು ಎಣಿಸಿ, 1660ರಲ್ಲಿ ಅವನನ್ನು ಹಿಡಿದು ಸೆರೆಮನೆಗೆ ಹಾಕಿದರು. ಹಿಡಿದವರೂ ಕ್ರಿಸ್ತನ ಹೆಸರನ್ನು ಹೇಳುವವರೇ; ಸಂಕಟವು ಕೆಲವು ಸಾರಿ ನಮ್ಮವರೆನ್ನುವವರಿಂದಲೇ ಬರುವದು.

ಬನ್ಯನನ ಮೊದಲನೆಯ ಹೆಂಡತಿ ನಾಲ್ಕು ಮಕ್ಕಳನ್ನು ಬಿಟ್ಟು ತೀರಿಹೋಗಿದ್ದಳು. ಅವರಲ್ಲಿ ಮೇರಿ ಎಂಬ ಮಗಳು ಹುಟ್ಟುಕುರುಡಿ. ಆ ಮಕ್ಕಳನ್ನು ಸಾಕಿದವಳು ಅವನ ಎರಡನೆಯ ಹೆಂಡತಿ ಎಲಿಜಬೆತ್. ಗಂಡನನ್ನು ಹಿಡಿದೊಯ್ದ ಸುದ್ದಿಯಿಂದ ಆ ಬಸುರಿ ಹೆಂಗಸಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ ಕೂಸು ಉಳಿಯಲಿಲ್ಲ. ಇನ್ನು ಮುಂದೆ ಸಾರುವದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಬನ್ಯನನು ಮನೆಗೆ ಹೋಗಬಹುದಾಗಿತ್ತು. ಸಹೋದರರೇ, ಆ ಕುರುಡು ಮಗಳನ್ನು ನೆನಸಿಕೊಂಡು ಅವನ ಹೃದಯವು ಎಷ್ಟು ನೊಂದಿತೆಂಬದನ್ನು ತಂದೆತಾಯಿಗಳಾದ ನೀವೇ ಊಹಿಸಿಕೊಳ್ಳಿರಿ. ಆದರೂ ಅವನು ಆ ಮಾತನ್ನು ಕೊಡಲಿಲ್ಲ. ತುದಿಗೆ ಲೋಹದ ಮೊನೆಯುಳ್ಳ ಲಾಡಿಗಳನ್ನು ಸೆರೆಯಲ್ಲಿಯೇ ಮಾಡಿ, ಅವುಗಳ ಹಣದಿಂದ ಮನೆಯವರಿಗೆ ಸಹಾಯ ಮಾಡಿದನು. ಹೀಗೆ ಹನ್ನೆರಡು ವರುಷಗಳು ಕಳೆದು 1672ರಲ್ಲಿ ಬಿಡುಗಡೆಯಾಯಿತು.

ಆ ವರುಷಗಳು ವ್ಯರ್ಥವಾದವೋ? ಇಲ್ಲ. ಮುಂಚೆ ಬಹುಕಾಲ ಸಂಶಯಗಳಿಂದ ಬಾಧೆಪಟ್ಟಿದ್ದ ಅವನೇ, ದೇವರ ವಾಕ್ಯವು ಸೆರೆಯಲ್ಲಿ ತನಗೆ ಹಿಂದೆಂದೂ ಇಲ್ಲದಷ್ಟು ತೆರೆಯಲ್ಪಟ್ಟಿತೆಂದು ಬರೆದಿದ್ದಾನೆ. 1678ರಲ್ಲಿ ಅಚ್ಚಾದ ಅವನ ಯಾತ್ರಿಕನ ಕಥೆಯು ಕನ್ನಡಕ್ಕೂ ಬಂದಿದೆ. ಅದನ್ನು ಸೆರೆಯಲ್ಲಿಯೇ ಆರಂಭಿಸಿದನೆಂದು ತಿಳಿದವರು ಹೇಳುವರು. ಆ ಕಥೆಯಲ್ಲಿ ಯಾತ್ರಿಕನ ಬೆನ್ನಿನ ಹೊರೆ ಶಿಲುಬೆಯ ಬಳಿಯಲ್ಲಿ ಕಳಚಿ ಬೀಳುವದು. ಆದರೆ ದಾರಿ ಅಲ್ಲಿಗೆ ಮುಗಿಯುವದಿಲ್ಲ. ಕಡಿದಾದ ಗುಡ್ಡವೂ ಕತ್ತಲೆಯ ಕಣಿವೆಯೂ ಸಂಶಯದ ಕೋಟೆಯೂ ಅನಂತರವೇ ಬರುತ್ತವೆ. ನಮ್ಮ ಪ್ರಶ್ನೆಗೆ ಇದರಲ್ಲಿ ಉತ್ತರ ಉಂಟು. ಪಾಪದ ಹೊರೆ ಇಳಿಯಿತೆಂದು ದಾರಿಯ ಏರು ಇಲ್ಲದೆ ಹೋಗುವದಿಲ್ಲ. ಹೊರೆ ಇಳಿದವನು ಏರನ್ನು ಹತ್ತಬಲ್ಲನು.

ಇನ್ನು ನಮ್ಮ ನಡತೆಗೆ ಬೇಕಾದ ಮೂರು ಮಾತುಗಳನ್ನು ಹೇಳುವೆನು.

ಒಂದನೆಯದು, ಸಂಕಟ ಬಂದಾಗ ನಿನ್ನನ್ನು ನೀನೇ ಪರೀಕ್ಷಿಸಿಕೋ. ಕುಡಿತದಿಂದಲೂ ಜಗಳದಿಂದಲೂ ಅಳತೆಮೀರಿದ ಸಾಲದಿಂದಲೂ ಬಂದ ಕಷ್ಟವನ್ನು ಶಿಲುಬೆಯೆಂದು ಹೆಸರಿಡಬೇಡ. ಅಲ್ಲಿ ಮೊದಲು ಬೇಕಾದದ್ದು ಪಶ್ಚಾತ್ತಾಪ. ಪಶ್ಚಾತ್ತಾಪಪಟ್ಟವನನ್ನು ಕರ್ತನು ತಳ್ಳಿಬಿಡುವದಿಲ್ಲ.

ಎರಡನೆಯದು, ತಾಳ್ಮೆಯೆಂದರೆ ಅನ್ಯಾಯದ ಮುಂದೆ ಬಾಯಿ ಮುಚ್ಚಿಕೊಂಡಿರುವದಲ್ಲ. ಎಲಿಜಬೆತಳು 1661ರಲ್ಲಿ ನ್ಯಾಯಾಧಿಪತಿಗಳ ಮುಂದೆ ನಿಂತು ತನ್ನ ಗಂಡನಿಗೋಸ್ಕರ ಧೈರ್ಯದಿಂದ ಮಾತಾಡಿದಳು. ಅವಳ ಬಿನ್ನಹ ನಡೆಯಲಿಲ್ಲ. ಆದರೂ ಅವಳು ದೇವರ ಮೇಲಣ ಭರವಸವನ್ನು ಕಳಕೊಳ್ಳಲಿಲ್ಲ. ವಿಧವೆಯ ಹೊಲವನ್ನು ಒಬ್ಬನು ಒತ್ತುತ್ತಿದ್ದರೆ, ತಾಳಿಕೋ ಎಂದು ಅವಳಿಗೆ ಉಪದೇಶಿಸಿ ಸುಮ್ಮನಿರುವದು ಸಭೆಗೆ ತಕ್ಕದ್ದಲ್ಲ. ಅವಳ ಪಕ್ಕದಲ್ಲಿ ನಿಲ್ಲಬೇಕು.

ಮೂರನೆಯದು, ಬೇರೊಬ್ಬನ ಮನೆಗೆ ದುಃಖ ಬಂದಾಗ ಬುದ್ಧಿಹೇಳಲು ಅವಸರಪಡಬೇಡ. ಯೋಬನ ಸ್ನೇಹಿತರು ಏಳು ದಿವಸ ಮಾತಾಡದೆ ಅವನ ಸಂಗಡ ನೆಲದ ಮೇಲೆ ಕೂತಿದ್ದಾಗ ಒಳ್ಳೆಯದನ್ನೇ ಮಾಡಿದರು. ಬಾಯಿ ತೆರೆದ ಮೇಲೆ ಅವನ ಗಾಯಕ್ಕೆ ಉಪ್ಪು ಹಾಕಿದರು. ಎತ್ತು ಸತ್ತವನಿಗೆ ಒಂದು ದಿವಸ ನಿನ್ನ ಜೋಡೆತ್ತನ್ನು ಕೊಡು. ಕಾಯಿಲೆಯವರ ಮನೆಗೆ ಗಂಜಿ ತೆಗೆದುಕೊಂಡು ಹೋಗು. ಅಲ್ಲಿ ಕೂತು, ಕೇಳಿಕೊಂಡರೆ ಪ್ರಾರ್ಥಿಸು. ನಿರೀಕ್ಷೆಯ ಮೆಟ್ಟಲಿಗೆ ಯಾವನೂ ಒಬ್ಬನೇ ಏರಲಾರನು. ಕೈಹಿಡಿಯುವದಕ್ಕಾಗಿಯೇ ಕರ್ತನು ಸಭೆಯನ್ನು ಕೊಟ್ಟಿದ್ದಾನೆ.

ಪ್ರಿಯರೇ, ಈ ಹೊತ್ತು ನಿಮ್ಮಲ್ಲಿ ಯಾರ ಎದೆಯ ಮೇಲೆ ನೇಗಿಲು ಹಾಯುತ್ತಿದೆಯೋ ನಾವು ಅರಿಯೆವು, ದೇವರು ಬಲ್ಲನು. ನೇಗಿಲಿನ ಮೇಣಿಯನ್ನು ಹಿಡಿದಿರುವ ಕೈಯನ್ನು ನೋಡಿರಿ. ಅದರಲ್ಲಿ ಮೊಳೆಗಳ ಗಾಯದ ಗುರುತು ಉಂಟು. ಆ ಕೈ ನಿಮ್ಮನ್ನು ಕೆಡಿಸುವದಿಲ್ಲ. ಬಿತ್ತನೆಯ ಕಾಲದಲ್ಲಿ ಅಳುವವರಿಗೆ ಸುಗ್ಗಿಯ ಕಾಲದಲ್ಲಿ ಸಂತೋಷವನ್ನು ಇಟ್ಟಿರುವ ಕರ್ತನು ನಿಮ್ಮ ವಿಶ್ವಾಸವನ್ನು ಬಲಪಡಿಸಿ, ಕಡೇ ತನಕ ಕಾಪಾಡಲಿ. ಆಮೆನ್.