ಯಾರದೋ ಬಾಕಿ

ರ‍್ಯಾಗಿಂಗ್ ಎಂಬುದಕ್ಕೆ ಕನ್ನಡದಲ್ಲಿ ಸರಿಯಾದ ಮಾತಿಲ್ಲ. ಗೋಳುಹೊಯ್ದುಕೊಳ್ಳುವುದು ಎಂದರೆ ಹತ್ತಿರ ಬಂದೀತು. ಆದರೆ ಅದರಲ್ಲಿ ಒಂದಿಷ್ಟು ಅಕ್ಕರೆಯೂ ಬೆರೆತಿದೆ. ಮೊಮ್ಮಗ ಅಜ್ಜಿಯನ್ನು ಗೋಳುಹೊಯ್ದುಕೊಳ್ಳುತ್ತಾನೆ. ಊರುಬಿಟ್ಟು ಬಂದ ಹುಡುಗನನ್ನು ನಡುರಾತ್ರಿ ಎಬ್ಬಿಸಿ, ಅಪರಿಚಿತರ ಮುಂದೆ ಅಂಗಿ ಬಿಚ್ಚಿಸಿ ನಿಲ್ಲಿಸುವುದಕ್ಕೆ ಆ ಮಾತು ಸಲ್ಲದು.

ಕಾನೂನಿಗೇನೂ ಕೊರತೆಯಿಲ್ಲ. 1996ರಲ್ಲಿ ಚಿದಂಬರದಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ಕೊಲೆಯಾದ ಮೇಲೆ ತಮಿಳುನಾಡು 1997ರಲ್ಲಿ ಪ್ರತ್ಯೇಕ ಕಾಯಿದೆಯನ್ನೇ ತಂದಿತು. ನಮ್ಮ 1983ರ ಕರ್ನಾಟಕ ಶಿಕ್ಷಣ ಕಾಯಿದೆಯ ಪ್ರಕಾರ ತಮಾಷೆಗೆ ಮಾಡಿದರೂ ಅದು ರ‍್ಯಾಗಿಂಗೇ. 2009ರ ಯು.ಜಿ.ಸಿ. ನಿಯಮಗಳು ವಿದ್ಯಾರ್ಥಿ, ಪೋಷಕರಿಬ್ಬರಿಂದಲೂ ಮುಚ್ಚಳಿಕೆ ಕೇಳಿದವು. ಪ್ರವೇಶದ ಗಡಿಬಿಡಿಯಲ್ಲಿ ಆ ಕಾಗದವನ್ನು ಎಷ್ಟು ಜನ ಓದಿ ರುಜು ಹಾಕುತ್ತಾರೆಂಬುದನ್ನು ನಾನು ಬಲ್ಲೆ.

ನನ್ನನ್ನು ಕಾಡುವ ಪ್ರಶ್ನೆ ಬೇರೆ. ಹೋದ ವರ್ಷ ಅತ್ತವನೇ ಈ ವರ್ಷ ಅಳಿಸುತ್ತಾನಲ್ಲ, ಅದು ಹೇಗೆ? ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂದು ಗಾದೆ ಹೇಳಿ ಸುಮ್ಮನಾಗುವವರುಂಟು. ತನಗಾದ ನೋವು ಮರೆತುಹೋಗಿರುತ್ತದೆ ಎನ್ನುವವರೂ ಉಂಟು. ನನಗೇನೋ ಒಪ್ಪಿಗೆಯಿಲ್ಲ. ಎರಡನೆಯ ವರ್ಷದ ಹುಡುಗನೊಬ್ಬನನ್ನು ವಿಚಾರಿಸಿದೆ. “ನಮಗೂ ಮಾಡಿದ್ದರು ಸಾರ್. ಅದರಿಂದಲೇ ಸ್ನೇಹ ಬೆಳೆಯಿತು” ಎಂದ. “ನೀನು ಬಂದ ದಿನ ಏನು ಮಾಡಿಸಿದರಯ್ಯ?” ಎಂದೆ. ಹೇಳಲಿಲ್ಲ. ಕಿವಿ ಕೆಂಪಾಯಿತು.

ಅವನೇನೂ ಮರೆತಿರಲಿಲ್ಲ. ನಡೆದದ್ದು ಅನ್ಯಾಯವೆಂದರೆ ತಾನು ಅವಮಾನಪಟ್ಟದ್ದನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಹದಿನೆಂಟರ ವಯಸ್ಸಿನಲ್ಲಿ ಅದು ಸುಲಭವಲ್ಲ. ಅದಕ್ಕೆ ಸಂಪ್ರದಾಯವೆಂದು ಹೆಸರಿಟ್ಟು ತಾನೂ ಇನ್ನೊಬ್ಬನಿಗೆ ಮಾಡಿಬಿಟ್ಟರೆ, ತನಗಾದದ್ದೂ ಬರಿಯ ವಿನೋದವಾಗಿಬಿಡುತ್ತದೆ. ಹಿರಿಯನಿಂದ ಬರಬೇಕಾದ ಬಾಕಿಯನ್ನು ಏನೂ ಅರಿಯದ ಕಿರಿಯನಿಂದ ವಸೂಲು ಮಾಡುವ ಈ ಲೆಕ್ಕವನ್ನು ಎಂಥ ಜಿಪುಣ ಸಾಹುಕಾರನೂ ಒಪ್ಪಲಾರ.

“ಅವನೂ ನಕ್ಕನಲ್ಲ ಸಾರ್!” ಎಂಬುದು ಇನ್ನೊಂದು ಸಮರ್ಥನೆ. ನಗದೆ ಮತ್ತೇನು ಮಾಡಿಯಾನು? ಹತ್ತು ಜನರ ನಡುವೆ ಒಂಟಿಯಾಗಿ ನಿಂತವನು ನಗುವುದು, ಇಷ್ಟಕ್ಕೇ ಬಿಟ್ಟಾರೇನೋ ಎಂಬ ಆಸೆಯಿಂದ. ಬೇಡವೆನ್ನಲು ದಾರಿಯೇ ಇಲ್ಲದವನ ನಗುವನ್ನು ಒಪ್ಪಿಗೆಯೆಂದು ಎಣಿಸುವುದು ಹೇಗೆ?

ಹಾಗಾದರೆ ಈ ಬಾಕಿ ತೀರುವುದೆಂತು? ಯಾರೋ ಒಬ್ಬ ಅದನ್ನು ನಷ್ಟವೆಂದು ಬರೆದುಕೊಂಡು ಪುಸ್ತಕ ಮುಚ್ಚಬೇಕು. ಪೆಟ್ಟು ತಿಂದವನೇ ಈ ನಷ್ಟವನ್ನೂ ಹೊರಬೇಕೆಂಬುದು ನ್ಯಾಯವೆಂದು ನಾನು ಹೇಳಲಾರೆ. ಆದರೂ ಮುಂದಿನವನನ್ನು ಉಳಿಸುವ ಶಕ್ತಿಯಿರುವುದು ಅವನ ಕೈಯಲ್ಲೇ. ಆ ಹುಡುಗನಿಗೆ ಇಷ್ಟನ್ನೂ ಹೇಳಿದೆ. ತಲೆತಗ್ಗಿಸಿ ಕೇಳಿಸಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನಿಂತು, “ನನಗೆ ಮಾಡಿದಾಗ ಅವರನ್ನು ಯಾರು ಕರೆದು ಕೇಳಿದರು ಸಾರ್?” ಎಂದ.