ಇಂದಿನ ಧಮ್ಮ ಚಿಂತನೆ: ನೀರಿನ ದಡದಲ್ಲಿ ನಿಂತು ನೋಡುವುದು



ಬಿಸಿಲಿನಿಂದ ತಪ್ಪಿಸಿಕೊಂಡು ನೀರಿನ ದಡಕ್ಕೆ ಹೋಗಿ, ನೀರನ್ನು ನೋಡುತ್ತ, ಅದರ ಫೋಟೊ ತೆಗೆಯುತ್ತ ಕೂರುವುದು ಸರಿಯೇ? ಬೇಸಿಗೆಯಲ್ಲಿ ನಾನು ಹೊತ್ತು ಮೂಡುವ ಮೊದಲೇ ಶರಣಸಿರಸಗಿ ಕಡೆಯ ಹೊಲದ ದಾರಿಯಲ್ಲಿ ನಡೆಯುತ್ತೇನೆ. ರಜೆ ಇದ್ದ ದಿನ ಹುಮನಾಬಾದ್ ರಸ್ತೆ ಹಿಡಿದು ಕುರಿಕೋಟಾ ಸೇತುವೆಯ ಹತ್ತಿರ ಬೆಣ್ಣೆತೊರೆ ಹೊಳೆಗೆ, ಇಲ್ಲವೇ ಕಮಲಾಪುರದ ಕೆಂಪು ಬಾಳೆ ತೋಟಗಳ ಕಡೆಗೆ ಹೋಗುತ್ತೇನೆ. ನೀರು ಕಂಡಲ್ಲಿ ಮೊಬೈಲ್ ತೆಗೆಯುತ್ತೇನೆ. ಆ ಚಿತ್ರಗಳನ್ನು ನೋಡಿ ನಮ್ಮ ಬಳಗದ ಹಿರಿಯರೊಬ್ಬರು, "ಜನ ಕೊಡ ಹಿಡಿದು ನಿಂತಾರ, ನೀವು ನೀರಿನ ಫೋಟೊ ತೆಗೀತೀರಿ. ಇದರಾಗ ಧಮ್ಮ ಎಲ್ಲೈತಿ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಇಂದು ಅದನ್ನೇ ಚಿಂತಿಸೋಣ.

ಮೊದಲನೆಯದಾಗಿ, ದೇಹಕ್ಕೆ ತಂಪು ಬೇಕೆನ್ನುವುದು ತಪ್ಪಲ್ಲ. ದೇಹವನ್ನು ದಂಡಿಸುವುದರಿಂದ ಜ್ಞಾನ ಬರುವುದಿಲ್ಲವೆಂದು ತಿಳಿದ ಸಿದ್ಧಾರ್ಥ ಉಗ್ರ ತಪಸ್ಸನ್ನು ಬಿಟ್ಟದ್ದು ನೇರಂಜರಾ ನದಿಯ ತೀರದಲ್ಲೇ. ಭೋಗವೂ ಅಲ್ಲ, ದಂಡನೆಯೂ ಅಲ್ಲ, ಮಧ್ಯಮ ಮಾರ್ಗ. 40 ಡಿಗ್ರಿ ದಾಟುವ ಕಲಬುರಗಿ ಬಿಸಿಲಿನಲ್ಲಿ ಬೇಕೆಂದೇ ಬೇಯುವುದು ಶೀಲವಲ್ಲ.

ಎರಡನೆಯದು ನಮಗೆ ಇನ್ನೂ ಹತ್ತಿರದ ಮಾತು. ನೀರಿನ ದಡ ನಮ್ಮ ಹಿರಿಯರಿಗೆ ಸುಮ್ಮನೆ ಕೂರುವ ಜಾಗವಾಗಿರಲಿಲ್ಲ. ಬೊಗಸೆ ಒಡ್ಡಿ ದೂರ ನಿಲ್ಲಬೇಕಿತ್ತು. ಯಾರೋ ಮೇಲಿನಿಂದ ಹೊಯ್ಯಬೇಕಿತ್ತು. ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದಿರಬೇಕೆಂದು ಮುಂಬೈ ಶಾಸನ ಪರಿಷತ್ತು 1923ರಲ್ಲೇ ನಿರ್ಣಯ ಮಾಡಿತ್ತು. ಆದರೂ ಮಹಾಡದ ಚವದಾರ್ ಕೆರೆಯ ನೀರು ಮುಟ್ಟಲು 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು. ಅದೂ ಬೇಸಿಗೆಯ ನಡಿಗೆಯೇ. ಬಳಿಕ ನ್ಯಾಯಾಲಯದಲ್ಲಿ ಆ ಹಕ್ಕು ಗಟ್ಟಿಯಾಗುವ ಹೊತ್ತಿಗೆ 1937 ಬಂದಿತ್ತು. ಆ ನೀರು ಕುಡಿಯದಿದ್ದರೆ ನಾವೇನೂ ಸಾಯುವುದಿಲ್ಲ, ನಾವೂ ಮನುಷ್ಯರೆಂದು ತೋರಿಸಲು ಹೋಗುತ್ತಿದ್ದೇವೆ ಎಂಬುದು ಬಾಬಾಸಾಹೇಬರ ಮಾತಿನ ಸಾರ.

ಇದನ್ನು ಪೂರ್ತಿ ಅರ್ಥಮಾಡಿಕೊಳ್ಳಬೇಕು. ಮನುಷ್ಯನಿಗೆ ನೀರು ಬಾಯಾರಿಕೆಗೆ ಮಾತ್ರ ಬೇಕಾದದ್ದಲ್ಲ. ಯಾರ ಅಪ್ಪಣೆಯೂ ಇಲ್ಲದೆ, ಯಾವ ಕೆಲಸವೂ ಇಲ್ಲದೆ ದಡದಲ್ಲಿ ನಿಂತು, ನೀರಿನಲ್ಲಿ ಬೆಳಕು ಆಡುವುದನ್ನು ನೋಡುವುದೂ ಸಮಾನತೆಯ ಭಾಗವೇ. ನಮಗೆ ದುಡಿಮೆಯನ್ನು ಮಾತ್ರ ಬಿಟ್ಟು, ಚೆಲುವನ್ನು ಬೇರೆಯವರ ಸೊತ್ತು ಮಾಡಿದ ವ್ಯವಸ್ಥೆಗೆ ಇದೂ ಒಂದು ಉತ್ತರ.

ಆದರೆ ಹಿರಿಯರ ಪ್ರಶ್ನೆ ಇಷ್ಟಕ್ಕೇ ತೀರುವುದಿಲ್ಲ. ಫೋಟೊಕ್ಕೆ ಒಂದು ಚೌಕಟ್ಟು ಇರುತ್ತದೆ. ಚೌಕಟ್ಟು ಎಂದರೆ ಏನನ್ನೋ ಹೊರಗಿಡುವುದು. ಬೆಣ್ಣೆತೊರೆಯ ಮಡುವಿನಲ್ಲಿ ಆಕಾಶ ಕಾಣುತ್ತದೆ. ಅದೇ ಹೊಳೆಯ ನೀರು ಕಲಬುರಗಿ ನಗರದ ನಲ್ಲಿಗೂ ಬರುತ್ತದೆ, ಯಾವ ಓಣಿಗೆ ಎಷ್ಟು ದಿನಕ್ಕೊಮ್ಮೆ ಎಂಬುದು ಚಿತ್ರದಲ್ಲಿ ಬೀಳುವುದಿಲ್ಲ. ಬಾಳೆ ತೋಟದ ಕಾಲುವೆ ಚೆಂದ ಕಾಣುತ್ತದೆ. ಅಲ್ಲಿ ನೀರು ಕಟ್ಟುವ ಕೂಲಿಯವರ ಬೆನ್ನು ಬೀಳುವುದಿಲ್ಲ. ಎಲ್ಲವೂ ಕಾರಣಗಳಿಂದ ಹುಟ್ಟುತ್ತದೆ ಎನ್ನುತ್ತದೆ ಪ್ರತೀತ್ಯ ಸಮುತ್ಪಾದ. ನೀರನ್ನು ನಿಜವಾಗಿ ನೋಡುವವನು ಅದು ಎಲ್ಲಿಂದ ಬಂತು, ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂಬುದನ್ನೂ ನೋಡುತ್ತಾನೆ. ಸಮ್ಯಕ್ ಸ್ಮೃತಿ ಎಂದರೆ ಚೌಕಟ್ಟಿನ ಆಚೆಗೂ ಕಣ್ಣು ಹಾಯಿಸುವುದು.

'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಸಿದ್ಧಾರ್ಥನ ಗೃಹತ್ಯಾಗಕ್ಕೆ ಬಾಬಾಸಾಹೇಬರು ಕೊಟ್ಟ ಕಾರಣವೂ ನೀರೇ. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧ ಮಾಡಲು ಹೊರಟಾಗ, ಎರಡೂ ಕಡೆಯಿಂದ ಇಬ್ಬಿಬ್ಬರು, ಅವರು ಆರಿಸಿದ ಐದನೆಯವರು ಕೂತು ತೀರ್ಮಾನಿಸಲಿ ಎಂದು ಸಿದ್ಧಾರ್ಥ ಹೇಳಿದ. ಸಂಘ ಒಪ್ಪಲಿಲ್ಲ. ಅವನು ಮನೆ ಬಿಟ್ಟ. ಅಂದರೆ ಅವನು ಲೋಕದ ತಾಪದಿಂದ ಓಡಿಹೋಗಲಿಲ್ಲ; ಆ ತಾಪದ ಮೂಲ ಹುಡುಕಲು ಹೊರಟ.

ನಮ್ಮ ಜಿಲ್ಲೆಯದೇ ಸನ್ನತಿಯಲ್ಲಿ ಅಶೋಕನ ಶಾಸನಗಳಿವೆ. ದಾರಿಯಲ್ಲಿ ಬಾವಿ ತೋಡಿಸಿ, ಮನುಷ್ಯರಿಗೂ ಪಶುಗಳಿಗೂ ನೆರಳಾಗಲೆಂದು ಮರ ನೆಡಿಸಿದ್ದಾಗಿ ಬೇರೆಡೆಯ ಶಾಸನಗಳಲ್ಲಿ ಆತ ಬರೆಸಿದ್ದಾನೆ. ತಂಪನ್ನು ಅರಮನೆಯೊಳಗೆ ಇಟ್ಟುಕೊಳ್ಳದೆ ದಾರಿಗೆ ತಂದದ್ದೇ ಧಮ್ಮ.

ಹಾಗಾಗಿ ಹಿರಿಯರಿಗೆ ನನ್ನ ಉತ್ತರ ಇಷ್ಟು: ನೀರಿನ ದಡಕ್ಕೆ ಹೋಗೋಣ, ಕಣ್ತುಂಬ ನೋಡೋಣ, ಬೇಕಿದ್ದರೆ ಚಿತ್ರವನ್ನೂ ತೆಗೆಯೋಣ. ಅದು ನಮ್ಮ ಹಕ್ಕು. ಆದರೆ ಅಲ್ಲಿ ಸಿಕ್ಕ ತಂಪು ಮರಳಿ ಬಂದ ಮೇಲೆ ಯಾರಿಗೆ ಮುಟ್ಟಿತು? ಆ ನಡಿಗೆ ಬರೀ ಪಲಾಯನವೋ ಧಮ್ಮವೋ ಎಂಬುದನ್ನು ಈ ಪ್ರಶ್ನೆಯೇ ಹೇಳುತ್ತದೆ. ನಮ್ಮ ಬಿಸಿಲು ಸಮಾನವಾಗಿಲ್ಲ. ಫ್ಯಾನಿನ ಕೆಳಗೆ ಕೂತವರ ಬೇಸಿಗೆ ಬೇರೆ, ರಸ್ತೆ ಗುಡಿಸುವ ಪೌರಕಾರ್ಮಿಕರ, ಇಟ್ಟಿಗೆ ಭಟ್ಟಿಯವರ ಬೇಸಿಗೆ ಬೇರೆ.

*ಇಂದಿನ ಅಭ್ಯಾಸ:* ಬೆಳಿಗ್ಗೆ ಕುಡಿಯುವ ಮೊದಲ ಲೋಟ ನೀರನ್ನು ಒಂದು ನಿಮಿಷ ಸುಮ್ಮನೆ ನೋಡಿ. ಅದು ಬಂದ ದಾರಿ ನೆನೆಯಿರಿ. ಮನೆಯ ಮುಂದೆ ಒಂದು ಮಣ್ಣಿನ ಗಡಿಗೆ ತುಂಬಿಡಿ. ಕುಡಿಯಲು ಬಂದವರ ಹೆಸರು, ಜಾತಿ ಕೇಳಬೇಡಿ. ಚಂಡಾಲ ಕನ್ಯೆ ಪ್ರಕೃತಿಯ ಬಳಿ ನೀರು ಕೇಳಿದ ಆನಂದ ಭಂತೇಜಿ ಕೇಳಿದ್ದು ನೀರನ್ನು ಮಾತ್ರ.

ಭವತು ಸಬ್ಬ ಮಂಗಲಂ
ಜೈ ಭೀಮ್ 💙 ನಮೋ ಬುದ್ಧಾಯ